ಮುಂದಿನ ಸಸ್ಪೆನ್ಷನ್: ಸ್ಟ್ರಟ್ ಸಾಕೇ, ಡಬಲ್ ವಿಶ್‌ಬೋನ್ ಬೇಕೇ?

ಹುಬ್ಬಳ್ಳಿಯಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟುವವರಿಗೆ ಮಾರುತಿ 800ರ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಅಗ್ಗದ ದಾರಿ. ಆದರೆ ಅದರ ಎತ್ತರ ತಗ್ಗು ಬಾನೆಟ್ಟಿಗೆ ಒಗ್ಗುವುದಿಲ್ಲ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರದ ಕ್ಯಾಂಬರ್ (ಎದುರಿನಿಂದ ಕಾಣುವ ಚಕ್ರದ ವಾಲು) ಕೂಡ ಕೈಕೊಡುತ್ತದೆ.

ಡಬಲ್ ವಿಶ್‌ಬೋನ್‌ನಲ್ಲಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತವೆ; ಮೇಲಿನ ತೋಳು ಗಿಡ್ಡವಾಗಿದ್ದರೆ, ಚಕ್ರ ಮೇಲೇರಿದಂತೆ ಅದರ ತಲೆ ಒಳಕ್ಕೆ ವಾಲಿ ಟೈರು ರಸ್ತೆಯನ್ನು ಬಿಡುವುದಿಲ್ಲ. ಖರ್ಚು, ಬೆಸುಗೆ ಕೆಲಸ ಹೆಚ್ಚು. ಆದರೂ ನನ್ನ ಮತ ಇದಕ್ಕೇ. ಭಾಗಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟು, ಅಂದರೆ ಜಿಗ್ ಇಲ್ಲದೆ ಮಾತ್ರ ತೋಳುಗಳಿಗೆ ಬೆಸುಗೆ ಹಾಕಿಸಬೇಡಿ.

ಯಾವುದನ್ನೇ ಆರಿಸಿ, ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಅಡ್ಡ ದಂಡವಾದ ಸ್ಟೀರಿಂಗ್ ರ‍್ಯಾಕ್‌ನ ಎತ್ತರ ತಪ್ಪಿದರೆ ಪ್ರತಿ ತಗ್ಗಿಗೂ ಚಕ್ರ ತಾನಾಗಿಯೇ ತಿರುಗುತ್ತದೆ. ಗದಗ ಕಡೆಯ ಎರೆಮಣ್ಣಿನ ಏರುತಗ್ಗಿನ ರಸ್ತೆಗಳಲ್ಲಿ ಇದು ಅಪಾಯ. ಸ್ಪ್ರಿಂಗ್ ತೆಗೆದು, ಸ್ಟೀರಿಂಗ್ ಅಲುಗದಂತೆ ಬಿಗಿದು, ಜಾಕ್‌ನಿಂದ ಚಕ್ರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳೆಯಿರಿ. ಅಳತೆ ಬದಲಾದರೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳಾದ ಟೈರಾಡ್‌ನ ಹೊರತುದಿಗೆ ವಾಷರ್ ಸೇರಿಸಿ ಎತ್ತರ ಹೊಂದಿಸಿ.