ದೀಪಾವಳಿಗೆ ಹೇಜಲ್‌ನಟ್ ಚಾಕೊಲೇಟ್ ಕಿಟ್ ತರಿಸಿದೆ: ಕಾಗದ ಚೆನ್ನಾಗಿದೆ, ಉಳಿದದ್ದು ಕೇಳಬೇಡಿ

1,499 ರೂಪಾಯಿ ಕೊಟ್ಟು ತರಿಸಿದ ಡಬ್ಬದಲ್ಲಿ ನನಗೆ ಪೂರ್ತಿ ಇಷ್ಟವಾದದ್ದು ಚಿನ್ನದ ಬಣ್ಣದ ಕಾಗದ ಮಾತ್ರ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬರೀ ಬೈದಳು ಅನ್ನಬಾರದು.

ಪ್ರತಿ ದೀಪಾವಳಿಗೂ ಅಕ್ಕಪಕ್ಕದ ಮನೆಗಳಿಗೆ, ಆಫೀಸಿಗೆ, ನಾದಿನಿ ಮನೆಗೆ ಏನಾದರೂ ಕೊಡಬೇಕಲ್ಲ. ಮೈಸೂರುಪಾಕ್ ಮಾಡಿದರೆ ಅಮ್ಮನ ಕೈರುಚಿಗೆ ಹೋಲಿಸುತ್ತಾರೆ, ಸೋಲು ಗ್ಯಾರಂಟಿ. ಚಾಕೊಲೇಟ್ ಆದರೆ ಹೋಲಿಸೋಕೆ ಯಾರೂ ಇಲ್ಲ ಅಂತ ನನ್ನ ಲೆಕ್ಕ. ಆನ್‌ಲೈನ್‌ನಲ್ಲಿ ಹುಡುಕುತ್ತಿದ್ದಾಗ 'ಹೇಜಲ್‌ನಟ್ ಚಾಕೊಲೇಟ್ ಮನೆಯಲ್ಲೇ ಮಾಡಿ' ಅನ್ನೋ ಹಬ್ಬದ ಕಿಟ್ ಕಣ್ಣಿಗೆ ಬಿತ್ತು. ಅರ್ಧ ಅರ್ಧ ಕಿಲೋದ ಎರಡು ಚಾಕೊಲೇಟ್ ಸ್ಲ್ಯಾಬ್, 200 ಗ್ರಾಂ ಹೇಜಲ್‌ನಟ್ (ಬಾದಾಮಿಯ ಹಾಗೆ ತಿನ್ನುವ ಗುಂಡನೆಯ ಕಾಳು), ಹದಿನೈದು ಗುಳಿಗಳ ಸಿಲಿಕೋನ್ ಅಚ್ಚು, ಸುತ್ತೋಕೆ 100 ಕಾಗದ, ಹತ್ತು ಪುಟ್ಟ ರಟ್ಟಿನ ಡಬ್ಬ, ಒಂದು ಮಾಡುವ ವಿಧಾನದ ಚೀಟಿ. ಕಂಪನಿ ಹೆಸರು ಹಾಕುವುದಿಲ್ಲ. ಇಂಥ ಕಿಟ್‌ಗಳು ಹಬ್ಬದ ಹೊತ್ತಿಗೆ ಬೇಕಾದಷ್ಟು ಬರುತ್ತವೆ. ಯಾವುದನ್ನೇ ತಗೊಳ್ಳಿ, ನೋಡಬೇಕಾದ್ದು ಒಂದೇ.

ಅದು ಪೊಟ್ಟಣದ ಹಿಂಭಾಗ. ಮುಂದೆ 'ಪ್ರೀಮಿಯಂ', 'ಬೆಲ್ಜಿಯನ್ ಸ್ಟೈಲ್' ಅಂತ ದಪ್ಪಕ್ಷರ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಕ್ಕರೆ, ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್, ಕೋಕೋ ಪುಡಿ. ಕೋಕೋ ಬೀಜದ್ದೇ ಕೊಬ್ಬಾದ ಕೋಕೋ ಬಟರ್ ಸುದ್ದಿಯೇ ಇಲ್ಲ. ಅಂದರೆ ಇದು ಕಾಂಪೌಂಡ್, ಕೋಕೋ ಬಟರ್ ಬದಲು ಬೇರೆ ಕೊಬ್ಬು ಹಾಕಿದ ಚಾಕೊಲೇಟ್. ಬೇಕರಿಯವರು ಕೇಕ್ ಮೇಲೆ ಸುರಿಯೋದು, ಅಚ್ಚಿಗೆ ಹಾಕೋದು ಹೆಚ್ಚಾಗಿ ಇದನ್ನೇ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಕರಗಿಸಿ ಅಚ್ಚಿಗೆ ಹಾಕಿದರೆ ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ, ಬಿಸಿಲಿಗೂ ಬೇಗ ಕರಗುವುದಿಲ್ಲ, ಮಕ್ಕಳ ಜೊತೆ ಮಾಡೋಕೆ ಸಲೀಸು. ನನ್ನ ತಕರಾರು ಅದರ ಬೆಲೆಗೆ, ಮುಂದೆ ಬರೆದ ಮಾತಿಗೆ. ಒಂದು ತುಂಡು ನಾಲಿಗೆ ಮೇಲೆ ಇಟ್ಟು ಸುಮ್ನೆ ಬಿಟ್ಟೆ. ಕೋಕೋ ಬಟರ್ ನಮ್ಮ ಮೈ ಶಾಖಕ್ಕಿಂತ ಸ್ವಲ್ಪ ಕೆಳಗೇ, ಸುಮಾರು 34 ಡಿಗ್ರಿಗೆ, ಕರಗಿ ನೀರಾಗುತ್ತದೆ. ಹಾಗಾಗಿ ನಿಜವಾದ ಚಾಕೊಲೇಟ್ ಬಾಯಲ್ಲಿ ನಿಲ್ಲೋದೇ ಇಲ್ಲ. ಇದು ನಿಂತೇ ಇತ್ತು. ಕೊನೆಗೆ ಅಂಗುಳಕ್ಕೆ ವನಸ್ಪತಿ ಬಳಿದ ಹಾಗೆ ಒಂದು ಪದರ.

ಅದನ್ನಾದರೂ ಸಹಿಸಬಹುದಿತ್ತು. ಹೇಜಲ್‌ನಟ್ ಪೊಟ್ಟಣ ಕತ್ತರಿಸಿದ ತಕ್ಷಣ ಹಳೇ ಕೊಬ್ಬರಿಯ ಕಮಟು ವಾಸನೆ. ಅಮ್ಮ ಆ ಕಡೆ ಹೂ ಕಟ್ಟುತ್ತಾ ಕೂತಿದ್ದವಳು ಅಲ್ಲಿಂದಲೇ "ಎಣ್ಣೆ ಕೆಟ್ಟಿದೆ ನೋಡು" ಅಂದಳು. ಹೇಜಲ್‌ನಟ್‌ನಲ್ಲಿ ನೂರಕ್ಕೆ ಹತ್ತಿರ ಹತ್ತಿರ 60 ಭಾಗ ಕೊಬ್ಬೇ. ಸೆಕೆಯಲ್ಲಿ, ಬೆಳಕಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕಮಟದೆ ಇನ್ನೇನಾಗುತ್ತದೆ? ಡಬ್ಬದ ಮೇಲಿದ್ದ ದಿನಾಂಕ ಕಿಟ್ ಕಟ್ಟಿದ ದಿನಾಂಕ, ಕಾಳಿನದ್ದಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಹುಡುಗ ತುಂಬ ಮರ್ಯಾದೆಯಿಂದಲೇ "ಮೇಡಂ, ಇಂಪೋರ್ಟೆಡ್ ಕಾಳು, ಅದರ ವಾಸನೆಯೇ ಹಾಗೆ, ಬೇಕಿದ್ದರೆ ಫೋಟೋ ಕಳಿಸಿ" ಅಂದ. ವಾಸನೆಯ ಫೋಟೋ ಹೇಗೆ ತೆಗೆಯೋದು ಅಂತ ನಾನು ಕೇಳಿದೆ, ಅವನಿಗೂ ನಗು ಬಂತು. ಎರಡು ದಿನ ಬಿಟ್ಟು 300 ರೂಪಾಯಿ ವಾಪಸ್ ಬಂತು. ಅಷ್ಟೇ ಸಿಕ್ಕಿದ್ದು.

ಹಬ್ಬಕ್ಕೆ ನಾಲ್ಕು ದಿನ ಇತ್ತು. ಹಟ ಬಂತು.

ಮಾರನೇ ದಿನ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋದೆ. ಅಲ್ಲಿನ ಡ್ರೈ ಫ್ರೂಟ್ಸ್ ಅಂಗಡಿಗಳಲ್ಲಿ ಒಂದು ಅನುಕೂಲ, ಕಾಳನ್ನು ಬಾಯಿಗೆ ಹಾಕಿ ನೋಡಿ ತಗೊಳ್ಳಬಹುದು. ಎರಡು ಅಂಗಡಿಯಲ್ಲಿ ಬೇಡ ಅನ್ನಿಸಿತು. ಮೂರನೆಯವರು ಹೊಸ ಚೀಲ ಬಿಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿದರು. ಕಚ್ಚಿದರೆ ಕಟಕ್ ಅಂತ ಮುರಿಯಿತು, ಒಳಗೆ ಬೆಳ್ಳಗೆ, ಸ್ವಲ್ಪ ಸಿಹಿ, ಹಸಿ ಹಾಲಿನಂಥ ವಾಸನೆ. ಹಳೆಯದಾದರೆ ಒಳಗೆ ಹಳದಿ ತಿರುಗಿರುತ್ತದೆ, ಮೆತ್ತಗೆ ಜಗಿಯುತ್ತದೆ. ಕಾಲು ಕಿಲೋಗೆ 450 ಕೊಟ್ಟೆ. ಯಾವೂರಿನದು ಅಂದರೆ "ಟರ್ಕಿ" ಅಂದರು. ಸರಿಯೇ, ಜಗತ್ತಿನ ಹೇಜಲ್‌ನಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿಯದ್ದೇ. ಕಪ್ಪು ಸಮುದ್ರದ ದಂಡೆಯ ಓರ್ಡು, ಗಿರೆಸುನ್ ಕಡೆಯ ಗುಡ್ಡಗಳಲ್ಲಿ ಬೆಳೆಯುತ್ತಾರೆ. 2014ರಲ್ಲಿ ಅಲ್ಲಿ ಹಿಮ ಬಿದ್ದು ಹೂ ಸುಟ್ಟುಹೋದಾಗ ಜಗತ್ತಿಗೇ ಬೆಲೆ ಏರಿತ್ತು. ಒಂದೇ ಕಡೆಯ ಬೆಳೆಯನ್ನು ನಂಬಿಕೊಂಡರೆ ಹೀಗೇ.

ಸ್ಲ್ಯಾಬನ್ನು ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ತಗೊಂಡೆ. ಕೋಕೋ ಬಟರ್ ಇರುವುದು ಬೇಕು ಅಂದರೆ 'ಕೂವರ್ಚರ್' ಅಂತ ಕೇಳಿ, ಅವರಿಗೆ ಗೊತ್ತಾಗುತ್ತದೆ. 54 ಪರ್ಸೆಂಟ್ ಕೋಕೋ ಇರುವ ಡಾರ್ಕ್ ಚಾಕೊಲೇಟ್, ಅರ್ಧ ಕಿಲೋಗೆ 850. ಜಾಸ್ತಿ ಅನ್ನಿಸಿತು. ಪುತ್ತೂರಿನ ಚಿಕ್ಕಮ್ಮನಿಗೆ ಫೋನಿನಲ್ಲಿ ಗೊಣಗಿದೆ. ಅವರ ಅಡಿಕೆ ತೋಟದ ನಡುವೆ ಕೊಕ್ಕೋ (ಇದೇ ಕೋಕೋ) ಗಿಡ ಇದೆ. ಚಿಕ್ಕವರಿದ್ದಾಗ ರಜೆಯಲ್ಲಿ ಆ ಹಣ್ಣು ಒಡೆದು ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪುತ್ತಿದ್ದೆವು. ಚಾಕೊಲೇಟ್ ರುಚಿಯ ಸುಳಿವೂ ಇಲ್ಲ, ಹುಳಿಸಿಹಿ. ಅಳಿಲಿಗೂ ಅಷ್ಟೇ ಇಷ್ಟ. "2024ರಲ್ಲಿ ನಮಗೆ ರೇಟು ಬಂದಾಗ ನೀನು ಖುಷಿಪಟ್ಟಿದ್ದೆ, ಈಗ ಕೊಡುವಾಗ ಅಳಬೇಡ" ಅಂದರು ಚಿಕ್ಕಮ್ಮ. ಹೌದು, ಆ ವರ್ಷ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೋಕೋ ಟನ್ನಿಗೆ 10 ಸಾವಿರ ಡಾಲರ್ ದಾಟಿತ್ತು, ಅದರ ಬಿಸಿ ಪುತ್ತೂರಿನ ತೋಟಕ್ಕೂ ನನ್ನ ಪರ್ಸಿಗೂ ಬೇರೆ ಬೇರೆ ಥರ ತಟ್ಟಿತು. 1973ರಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿ ಹಾಕಿದ್ದೇ ಈ ಕೊಕ್ಕೋ ಬೆಳೆದವರಿಗೆ ಒಂದು ದಾರಿ ಆಗಲಿ ಅಂತ. ನಮ್ಮ ಮನೆಯಲ್ಲಿ ಚಾಕೊಲೇಟ್ ಅಂದರೆ ಆ ಕ್ಯಾಂಪ್ಕೋ ಬಾರೇ.

ಈಗ ಕಿಟ್‌ನ ಚೀಟಿಯ ವಿಷಯ. 'ಹೇಜಲ್‌ನಟ್ ಲಘುವಾಗಿ ಹುರಿದು ಕತ್ತರಿಸಿ ಸೇರಿಸಿ' ಅಂತ ಒಂದೇ ಸಾಲು. ಇಡೀ ಕೆಲಸದ ಜೀವ ಇರೋದೇ ಹುರಿಯೋದರಲ್ಲಿ, ಅದಕ್ಕೆ ಒಂದು ಸಾಲು! ನಾನು ಓವನ್‌ನಲ್ಲಿ 160 ಡಿಗ್ರಿಗೆ ಇಡೋಣ ಅಂತಿದ್ದೆ, ಅಮ್ಮ ಬಿಡಲಿಲ್ಲ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕಡಲೆಬೀಜ ಹುರಿದ ಹಾಗೆ ಕೈ ಬಿಡದೆ ಹದಿನೈದು ನಿಮಿಷ. ಮೊದಲ ಎಂಟು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಸಿಪ್ಪೆ ಚಟಪಟ ಬಿರಿಯುತ್ತದೆ, ಬೆಣ್ಣೆ ಕಾಯಿಸಿದಂಥ ಘಮ ಬರುತ್ತದೆ. ಆಗ ಒಂದು ಕಾಳು ಸೀಳಿ ನೋಡಬೇಕು. ಒಳಗೆ ತಿಳಿ ಬಿಸ್ಕತ್ತಿನ ಬಣ್ಣ ಬಂದಿದ್ದರೆ ಇಳಿಸಿ, ಇನ್ನೊಂದು ನಿಮಿಷ ಬಿಟ್ಟರೆ ಕಹಿ. ಬಿಸಿಯಿರುವಾಗಲೇ ದಪ್ಪ ಬಟ್ಟೆಗೆ ಸುರಿದು ಗಂಟು ಕಟ್ಟಿ ಐದು ನಿಮಿಷ ಬಿಟ್ಟು ಉಜ್ಜಿದೆ. ಸಿಪ್ಪೆ ಮುಕ್ಕಾಲು ಬಂತು. ಅಮ್ಮ ಅದನ್ನು ಮೊರಕ್ಕೆ ಹಾಕಿ ಬಾಲ್ಕನಿಯಲ್ಲಿ ಕೇರಿದಳು. ಟರ್ಕಿಯ ಕಾಳು, ಇಟಲಿಯ ತಿಂಡಿ, ಬಸವನಗುಡಿಯ ಮೊರ. ಕೆಳಗಿನ ಮನೆಯವರ ಒಣಹಾಕಿದ ಬಟ್ಟೆ ಮೇಲೆ ಸಿಪ್ಪೆ ಬಿತ್ತು, ಅದಕ್ಕೆ ಅವರಿಗೆ ಎರಡು ಡಬ್ಬ ಕೊಡಬೇಕಾಯಿತು.

ಇಟಲಿಯ ತಿಂಡಿ ಅಂದೆನಲ್ಲ, ಅದು ಜಿಯಾಂದುಯಾ. ನೆಪೋಲಿಯನ್ ಕಾಲದಲ್ಲಿ ಕೋಕೋ ಸಿಗೋದು ಕಷ್ಟವಾಗಿ, ಟುರಿನ್‌ನವರು ತಮ್ಮೂರಿನ ಹೇಜಲ್‌ನಟ್ ಅರೆದು ಚಾಕೊಲೇಟಿಗೆ ಬೆರೆಸಿದರು ಅಂತ ಕಥೆ. ಬ್ರೆಡ್ಡಿಗೆ ಹಚ್ಚುವ ನ್ಯುಟೆಲ್ಲಾ ಬಂದದ್ದೂ ಆ ಕಡೆಯಿಂದಲೇ, 1964ರಲ್ಲಿ. ಅಂದರೆ ಬರಗಾಲದ ಅಡುಗೆ ಇದು, ನಮ್ಮಲ್ಲಿ ಅಕ್ಕಿ ಸಾಲದಿದ್ದಾಗ ನವಣೆ ಬೆರೆಸಿದ ಹಾಗೆ. ಈಗ ನೋಡಿದರೆ ಬೆರಕೆಯೇ ದುಬಾರಿ.

ನಾನು ಮಾಡಿದ ಅಳತೆ: ಚೆನ್ನಾಗಿರುವ 40 ಕಾಳು ಇಡಿಯಾಗಿ ತೆಗೆದಿಟ್ಟೆ. ಉಳಿದದ್ದು ಸುಮಾರು 190 ಗ್ರಾಂ, ಅದಕ್ಕೆ 90 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಮಿಕ್ಸಿಯ ಚಟ್ನಿ ಜಾರಿಗೆ ಹಾಕಿ ತಿರುಗಿಸಿದರೆ ಮೊದಲು ಪುಡಿ, ಆಮೇಲೆ ಉಂಡೆ, ಇನ್ನು ಆಗಲ್ಲ ಅನ್ನಿಸುವ ಹೊತ್ತಿಗೆ ಎಣ್ಣೆ ಬಿಟ್ಟು ದೋಸೆಹಿಟ್ಟಿನ ಹಾಗೆ ಸಡಿಲ. ಹತ್ತು ನಿಮಿಷ ಹಿಡಿಯಿತು, ನಿಮಿಷಕ್ಕೊಮ್ಮೆ ನಿಲ್ಲಿಸಿ ಮಿಕ್ಸಿಗೆ ಉಸಿರು ಬಿಡಲು ಬಿಡಬೇಕು. ನೀರು, ಹಾಲು ಒಂದು ಹನಿಯೂ ಬೇಡ. ಸಕ್ಕರೆ ಬದಲು ಬೆಲ್ಲ ಹಾಕು ಅಂತ ಅಮ್ಮ ಅಂದಳು, ಕಿಟ್‌ನ ಕಾಂಪೌಂಡ್ ಹೇಗೂ ಬಿದ್ದಿತ್ತಲ್ಲ ಅಂತ ಅದರಲ್ಲಿ ಸ್ವಲ್ಪ ಮಾಡಿ ನೋಡಿದೆ. ಬೆಲ್ಲದ ಪಸೆಗೆ ಚಾಕೊಲೇಟ್ ಒಡೆದು ತರಿತರಿಯಾಗಿ ಕೆಮ್ಮಣ್ಣಿನ ಹಾಗೆ ಆಯಿತು. ಅಮ್ಮ ನಂತರ ಆ ವಿಷಯ ಎತ್ತಲಿಲ್ಲ.

ಈ ಪೇಸ್ಟಿಗೆ ಕರಗಿಸಿದ 200 ಗ್ರಾಂ ಕೂವರ್ಚರ್ ಬೆರೆಸಿ, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು, ಒಂದೊಂದು ಇಡೀ ಕಾಳು ನಡುವೆ ಇಟ್ಟು ಉಂಡೆ ಕಟ್ಟಿದೆ. ಅಂಗೈ ಬಿಸಿ ಇರುವವರು ಐಸ್ ನೀರಲ್ಲಿ ಕೈ ಅದ್ದಿ ಚೆನ್ನಾಗಿ ಒರೆಸಿಕೊಳ್ಳಿ. 40 ಉಂಡೆ ಆಯಿತು.

ಹೊರಗಿನ ಪದರಕ್ಕೆ ಉಳಿದ 300 ಗ್ರಾಂ. ಇಲ್ಲಿ ಕಾಂಪೌಂಡಿನ ಸಲೀಸು ಇಲ್ಲ, ಟೆಂಪರ್ ಮಾಡಲೇಬೇಕು, ಅಂದರೆ ಹೊಳಪಾಗಿ ಗಟ್ಟಿಯಾಗಲಿ ಅಂತ ಹದವಾಗಿ ಕಾಯಿಸಿ ತಣಿಸಬೇಕು. ಮೂರರಲ್ಲಿ ಎರಡು ಪಾಲನ್ನು ಬಿಸಿನೀರಿನ ಪಾತ್ರೆ ಮೇಲೆ 45 ಡಿಗ್ರಿಗೆ ಕರಗಿಸಿ, ಇಳಿಸಿ, ಉಳಿದ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಅದರೊಳಗೆ ಹಾಕಿ, 31-32 ಡಿಗ್ರಿಗೆ ಇಳಿಯುವ ತನಕ ಕಲಕುತ್ತಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕೆಳತುಟಿಗೆ ಸೋಕಿಸಿ, ಸ್ವಲ್ಪ ತಣ್ಣಗೆ ಅನ್ನಿಸಿದರೆ ಸರಿ. ಚಾಕುವಿನ ತುದಿ ಅದ್ದಿ ಹೊರಗಿಡಿ, ಐದು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾಗಬೇಕು. ನಾನು ಮೊದಲ ಹನ್ನೆರಡು ಉಂಡೆಗೆ ಅವಸರ ಮಾಡಿದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಉಂಡೆಯನ್ನು ನೇರ ಅದ್ದಿಬಿಟ್ಟೆ, ಕೆಲವು ಬಿರುಕು ಬಿಟ್ಟವು, ಬೆಳಿಗ್ಗೆ ನೋಡಿದರೆ ಉಳಿದವುಗಳ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪಟ್ಟೆ. ಕೆಟ್ಟಿಲ್ಲ, ಕೊಬ್ಬು ಮೇಲೆ ಬಂದದ್ದು ಅಷ್ಟೇ, ಆದರೆ ಯಾರಿಗಾದರೂ ಕೊಡೋಕೆ ಮನಸ್ಸು ಬರುವುದಿಲ್ಲ. ಅವು ಮನೆಯವರಿಗೆ. ಉಳಿದ 28 ಚೆನ್ನಾಗಿ ಬಂದವು, ಕಚ್ಚಿದರೆ ಟಕ್ ಅನ್ನುತ್ತಿತ್ತು.

ಸರಿ, ಕಿಟ್‌ನ ಸಾಮಾನಿನ ಲೆಕ್ಕಕ್ಕೆ ಬರೋಣ. ಅಚ್ಚು ಪರವಾಗಿಲ್ಲ, ಸುಲಭವಾಗಿ ಬಿಡುತ್ತದೆ, ಆದರೆ ಸಿಲಿಕೋನ್‌ನಲ್ಲಿ ಹೊಳಪು ಬರುವುದಿಲ್ಲ. ಅಂಗಡಿಯ ಹೊಳಪು ಬೇಕಿದ್ದರೆ ಗಟ್ಟಿ ಪಾಲಿಕಾರ್ಬೊನೇಟ್ ಅಚ್ಚೇ ಆಗಬೇಕು. ರಟ್ಟಿನ ಡಬ್ಬ ಚೆಂದ, ಮುಚ್ಚಳ ಸಡಿಲ, ಸೆಲ್ಲೋಟೇಪ್ ಹಾಕಿದೆ. ಕಾಗದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಹರಿಯುವುದಿಲ್ಲ, ಸುತ್ತಿದ ಹಾಗೇ ನಿಲ್ಲುತ್ತದೆ. ಹೇಜಲ್‌ನಟ್‌ಗೆ ಸೊನ್ನೆ. ಇಷ್ಟಕ್ಕೆ 1,499 ಕೊಡಬೇಡಿ. ದುಡ್ಡು ಕಡಿಮೆ ಇದ್ದರೆ ಸಾಧಾರಣ ಚಾಕೊಲೇಟ್ ಆದರೂ ನಡೆಯುತ್ತದೆ, ಕಾಳಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನನ್ನ ಲೆಕ್ಕದಲ್ಲಿ ಒಂದು ಉಂಡೆಗೆ 33 ರೂಪಾಯಿ ಬಿತ್ತು, ಗ್ಯಾಸು, ಅಮ್ಮನ ಕೈನೋವು ಬಿಟ್ಟು.

ಇನ್ನೊಂದು ಹೇಳದಿದ್ದರೆ ಮೋಸವಾಗುತ್ತದೆ. ಮಿಕ್ಕಿದ ಕಾಂಪೌಂಡನ್ನು ಕರಗಿಸಿ, ಹುರಿದ ಕಡಲೆಬೀಜ, ಸ್ವಲ್ಪ ಉಪ್ಪು ಹಾಕಿ ಕಿಟ್‌ನ ಅಚ್ಚಿನಲ್ಲಿ ಹುಯ್ದೆ, 43 ಆದವು. ಹತ್ತು ನಿಮಿಷದ ಕೆಲಸ. ಬಲಿಪಾಡ್ಯಮಿ ದಿನ ಮನೆಗೆ ಬಂದ ಮಕ್ಕಳು ಮೊದಲು ಖಾಲಿ ಮಾಡಿದ್ದು ಅವನ್ನೇ. ಜಿಯಾಂದುಯಾ ತಿಂದು "ತುಂಬಾ ಚೆನ್ನಾಗಿದೆ, ಇದು ಏನು ಕಾಳು?" ಅಂತ ಕೇಳಿದ್ದು ದೊಡ್ಡವರು. ನಾದಿನಿ ಮಾತ್ರ ಎರಡನೇ ಡಬ್ಬ ಇದೆಯಾ ಅಂದಳು, ಇರಲಿಲ್ಲ.

ಎರಡಕ್ಕೂ ಸುತ್ತಿ 17 ಚಿನ್ನದ ಕಾಗದ ಉಳಿದಿವೆ. ಸಂಕ್ರಾಂತಿಗೆ ಎಳ್ಳುಂಡೆ ಸುತ್ತೋಕೆ ಆಗುತ್ತದೆ ಅಂತ ಅಮ್ಮ ಒತ್ತಿ ಒತ್ತಿ ಸರಿಮಾಡಿ ಕ್ಯಾಲೆಂಡರ್ ಹಿಂದೆ ಇಟ್ಟಿದ್ದಾಳೆ.