ಕ್ರೂನ್, ಲಾಟ್ಸ್, ಟೋಲಾರ್: ಸಂಗ್ರಹಕ್ಕೆ ಯಾವುದು?

ಯೂರೋ ಬಂದು ಮರೆಯಾದ ಹಣಗಳಲ್ಲಿ ಯಾವುದರಿಂದ ಸಂಗ್ರಹ ಶುರು ಮಾಡಲಿ ಎಂದು ಕೇಳಿದ್ದೀರಿ.

ಕಥೆ ಬೇಕಿದ್ದರೆ ಎಸ್ಟೋನಿಯಾದ ಕ್ರೂನ್. 1992ರ ಜೂನ್‌ನಲ್ಲಿ ರೂಬಲ್ ಬಿಟ್ಟು, 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್ (ಆಗಿನ ಜರ್ಮನಿಯ ಹಣ) ಎಂದು ದರವನ್ನು ಗಂಟು ಹಾಕಿದರು, 2011ರವರೆಗೆ ನಡೆಯಿತು. 5 ಕ್ರೂನ್ ನೋಟಿನಲ್ಲಿರುವುದು ರಾಜನಲ್ಲ, ಚೆಸ್ ಆಟಗಾರ ಪೌಲ್ ಕೆರೆಸ್! ನನಗೆ ಅದೊಂದೇ ಸಾಕು.

ಖರ್ಚಿನ ಲೆಕ್ಕ ಬೇರೆ. ಎಸ್ಟೋನಿಯಾ, ಲಾಟ್ವಿಯಾ, ಸ್ಲೊವೇನಿಯಾ ಈ ಮೂರೂ ದೇಶಗಳ ಕೇಂದ್ರ ಬ್ಯಾಂಕುಗಳು ಹಳೆಯ ನೋಟಿಗೆ ಇಂದಿಗೂ ಯೂರೋ ಕೊಡುತ್ತವೆ. ಹಾಗಾಗಿ ದೊಡ್ಡ ನೋಟು ತೀರಾ ಅಗ್ಗವಾಗದು: 500 ಕ್ರೂನ್ ಎಂದರೆ ಸುಮಾರು 32 ಯೂರೋ. ಲಾಟ್ವಿಯಾದ ಲಾಟ್ಸ್ ಯೂರೋಗಿಂತಲೂ ಭಾರ, ಒಂದಕ್ಕೆ 1.42 ಯೂರೋ. ಸ್ಲೊವೇನಿಯಾದ ಟೋಲಾರ್ (1991-2006) ಮಾತ್ರ ಹಗುರ, 1 ಯೂರೋಗೆ 239.64. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಅದರ ಸಣ್ಣ ನೋಟುಗಳು ಸರಿ.

ಮಳೆಗಾಲದ ತೇವಕ್ಕೆ ಕಾಗದ ಹಾಳಾಗುತ್ತದೆ ಎಂಬ ಚಿಂತೆಯಿದ್ದರೆ ಲಾಟ್ಸ್ ನಾಣ್ಯ ಹಿಡಿಯಿರಿ. ಮಾಮೂಲಿ 1 ಲಾಟ್ಸ್‌ನಲ್ಲಿ ನೆಗೆಯುವ ಸಾಲ್ಮನ್ ಮೀನು. ವಿಶೇಷ ನಾಣ್ಯಗಳಲ್ಲಿ ಕೊಕ್ಕರೆ, ಇರುವೆ, ಅಣಬೆ. ಮಕ್ಕಳಿಗೂ ಇದೇ ಹಿಡಿಸೀತು.