ಒಂದೇ ಆ್ಯಪ್, ಮೂರು ಕಾನ್ಫಿಗ್: ವೆಬ್.ಎಕ್ಸ್‌ಎಂಎಲ್, ಅನೋಟೇಷನ್, ಯಾಮಲ್

ಖರೀದಿ ಆದೇಶಗಳಿಗೆ ಮಂಜೂರಾತಿ ಕೊಡುವ ಜಾವಾ ಆ್ಯಪ್ ಒಂದಿದೆ. ಲಾಗಿನ್, ಕೆಲವು ಸರ್ವ್ಲೆಟ್ (ಬ್ರೌಸರ್‌ನ ಕೋರಿಕೆಗೆ ಉತ್ತರ ಕೊಡುವ ಕ್ಲಾಸ್), ಮೂರು ಫಿಲ್ಟರ್ (ಸರ್ವ್ಲೆಟ್ ಮುಟ್ಟುವ ಮೊದಲು ಕೋರಿಕೆ ದಾಟುವ ಜರಡಿ), ಹಿಂದೊಂದು ಡೇಟಾಬೇಸ್, ಇಷ್ಟೇ ಅದರ ಸಂಸಾರ. ಇದನ್ನೇ ಮೂರು ಬಗೆಯಲ್ಲಿ ಕಾನ್ಫಿಗರ್ ಮಾಡಿ ಓಡಿಸಿ ನೋಡಿದೆ. ಮೊದಲು ಎಲ್ಲವನ್ನೂ ವೆಬ್.ಎಕ್ಸ್‌ಎಂಎಲ್ ಎಂಬ ಕಾನ್ಫಿಗ್ ಕಡತದಲ್ಲಿ ಬರೆದೆ, ಆಮೇಲೆ ಅನೋಟೇಷನ್‌ಗೆ (ಕೋಡ್‌ನೊಳಗೇ ಬರೆಯುವ ಸೂಚನೆ) ಬದಲಿಸಿದೆ, ಕೊನೆಗೆ ಸ್ಪ್ರಿಂಗ್ ಬೂಟ್‌ಗೆ (ಯಾಮಲ್ ಅಥವಾ ಪ್ರಾಪರ್ಟೀಸ್ ಕಡತದಿಂದ ಸೆಟ್ಟಿಂಗ್ ಓದುವ ಜಾವಾ ಚೌಕಟ್ಟು) ಸಾಗಿಸಿದೆ. ಎಷ್ಟು ಸಾಲು ಉಳಿಯಿತು ಎನ್ನುವುದು ನನಗೆ ಮುಖ್ಯವಾಗಿರಲಿಲ್ಲ. ಪ್ರೊಡಕ್ಷನ್‌ನಲ್ಲಿ ಏನೋ ಕೈಕೊಟ್ಟಾಗ, ಕೋಡ್ ಬರೆಯದ ಒಬ್ಬರು ಯಾವ ಕಡತ ತೆರೆದರೆ ಬೇಗ ಉತ್ತರ ಸಿಗುತ್ತದೆ ಎಂಬುದೇ ನನ್ನ ಅಳತೆಗೋಲು.

ವೆಬ್.ಎಕ್ಸ್‌ಎಂಎಲ್ 1999ರ ಸರ್ವ್ಲೆಟ್ ನಿಯಮಾವಳಿಯ 2.2ನೇ ಆವೃತ್ತಿಯಿಂದ ಇದೆ. ಉದ್ದುದ್ದ ಬರೆಯಬೇಕು ಎಂಬ ದೂರು ನಿಜವೇ. ಒಂದು ಸರ್ವ್ಲೆಟ್‌ನ ಹೆಸರು, ಕ್ಲಾಸು, ಮ್ಯಾಪಿಂಗ್ (ಯಾವ ವಿಳಾಸಕ್ಕೆ ಅದು ಓಡಬೇಕು ಎಂಬುದು) ಬರೆಯುವಷ್ಟರಲ್ಲಿ ಎಂಟು ಸಾಲು ಆಗುತ್ತದೆ. ಆದರೂ ಫಿಲ್ಟರ್ ವಿಷಯಕ್ಕೆ ಬಂದರೆ ಇದಕ್ಕೆ ಸಾಟಿಯಿಲ್ಲ. ನನ್ನ ಮೂರು ಫಿಲ್ಟರ್‌ಗಳಲ್ಲಿ ಅಕ್ಷರ ಎನ್‌ಕೋಡಿಂಗ್ ಮೊದಲು, ದೃಢೀಕರಣ ಎರಡನೆಯದು, ಆಡಿಟ್ ಲಾಗ್ ಕೊನೆಗೆ ಓಡಲೇಬೇಕು. ಯುಆರ್‌ಎಲ್ ಮಾದರಿಯ ಮ್ಯಾಪಿಂಗ್‌ಗಳು ಕಡತದಲ್ಲಿ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಫಿಲ್ಟರ್‌ಗಳು ಓಡುತ್ತವೆ, ಸರ್ವ್ಲೆಟ್ ಹೆಸರಿನ ಮೇಲೆ ಮಾಡಿದ ಮ್ಯಾಪಿಂಗ್‌ಗಳು ಅವುಗಳ ನಂತರ. ಮೇಲಿನಿಂದ ಕೆಳಗೆ ಓದಿದರೆ ಸಾಕು, ಕೋರಿಕೆ ಸಾಗುವ ದಾರಿ ಕಣ್ಣಿಗೆ ಕಾಣುತ್ತದೆ.

ಅನೋಟೇಷನ್ 2009ರ ಡಿಸೆಂಬರ್‌ನಲ್ಲಿ ಸರ್ವ್ಲೆಟ್ 3.0 ಜೊತೆ ಬಂತು. ಕ್ಲಾಸಿನ ತಲೆಯ ಮೇಲೆ ಒಂದು ಸಾಲು, ಆ ಎಂಟು ಸಾಲಿನ ಕೆಲಸ ಮುಗಿಯಿತು. ಕ್ಲಾಸಿನ ಹೆಸರು ಬದಲಿಸಿದರೂ ಮ್ಯಾಪಿಂಗ್ ಮುರಿಯುವುದಿಲ್ಲ. ಸರ್ವ್ಲೆಟ್‌ಗಳಿಗೆ ಇದು ನನಗೆ ತುಂಬಾ ಹಿಡಿಸಿತು. ಫಿಲ್ಟರ್‌ಗಳಿಗೆ ಮಾತ್ರ ಖಂಡಿತ ಬೇಡ. ಅನೋಟೇಷನ್‌ನಲ್ಲಿ ಫಿಲ್ಟರ್‌ಗಳ ಕ್ರಮ ಹೇಳಲು ಜಾಗವೇ ಇಲ್ಲ, ಲಿಸನರ್‌ಗಳ (ಆ್ಯಪ್ ಶುರುವಾಗುವಂಥ ಘಟನೆಗಳಿಗೆ ಓಗೊಡುವ ಕ್ಲಾಸ್) ಕಥೆಯೂ ಅದೇ. ಇವತ್ತು ಸರಿಯಾದ ಕ್ರಮದಲ್ಲಿ ಓಡಿದರೆ ಅದು ಕಂಟೇನರ್‌ನ (ಆ್ಯಪ್ ಓಡಿಸುವ ಸರ್ವರ್) ಕೃಪೆ, ಕಂಟೇನರ್ ಬದಲಾದರೆ ಕ್ರಮವೂ ಬದಲಾಗಬಹುದು. ದೃಢೀಕರಣದಂಥ ಸಂಗತಿಯನ್ನು ಕೃಪೆಗೆ ಬಿಡಲಾಗದು. ಎರರ್ ಪೇಜ್, ಸೆಷನ್ ಟೈಮ್‌ಔಟ್, ವೆಲ್ಕಮ್ ಫೈಲ್ ಇವಕ್ಕೆ ಅನೋಟೇಷನ್ನೇ ಇಲ್ಲ. ಹಾಗಾಗಿ ವೆಬ್.ಎಕ್ಸ್‌ಎಂಎಲ್ ಅನ್ನು ಪೂರ್ತಿ ಬಿಡುತ್ತೇನೆ ಎಂದು ಹೊರಟರೂ ಅದು ಹಿಂದಿನ ಬಾಗಿಲಿನಿಂದ ಮರಳಿ ಬರುತ್ತದೆ.

ಅನೋಟೇಷನ್ ಹುಡುಕಲು ಕಂಟೇನರ್ ಕ್ಲಾಸ್‌ಗಳನ್ನೂ ಜಾರ್‌ಗಳನ್ನೂ (ಲೈಬ್ರರಿ ಕಡತಗಳು) ಜಾಲಾಡಬೇಕು. ಲೈಬ್ರರಿಗಳು ಹೆಚ್ಚಿದ್ದರೆ ಸರ್ವರ್ ಏಳುವುದು ನಿಧಾನವಾಗುತ್ತದೆ. ಎಕ್ಸ್‌ಎಂಎಲ್ ಮಾತ್ರ ಬಳಸುವವರು ಮೆಟಾಡೇಟಾ-ಕಂಪ್ಲೀಟ್ ಅನ್ನು ಟ್ರೂ ಮಾಡಿ, ಖಾಲಿ ಅಬ್ಸಲ್ಯೂಟ್-ಆರ್ಡರಿಂಗ್ ಟ್ಯಾಗ್ ಕೂಡ ಸೇರಿಸಿದರೆ ಟಾಮ್‌ಕ್ಯಾಟ್ ಎಂಬ ಕಂಟೇನರ್‌ನ ಈ ಹುಡುಕಾಟ ಬಹಳಷ್ಟು ತಗ್ಗುತ್ತದೆ.

ಭದ್ರತೆಯ ನಿಯಮಗಳನ್ನು ಎಕ್ಸ್‌ಎಂಎಲ್‌ನಲ್ಲೇ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪರಿಶೀಲಿಸುವವರಿಗೆ ಒಂದೇ ಕಡೆ ಎಲ್ಲ ಸಿಗುತ್ತದೆ. ಅಲ್ಲೂ ಒಂದು ಗುಂಡಿ ಇದೆ. ನಿರ್ಬಂಧದೊಳಗೆ ಗೆಟ್ ಮತ್ತು ಪೋಸ್ಟ್ ಎಂಬ ಎಚ್‌ಟಿಟಿಪಿ ಕೋರಿಕೆ ವಿಧಾನಗಳನ್ನಷ್ಟೇ ಬರೆದರೆ ಪುಟ್, ಡಿಲೀಟ್ ಮುಂತಾದ ವಿಧಾನಗಳು ಯಾವ ತಡೆಯೂ ಇಲ್ಲದೆ ಒಳಗೆ ಬರುತ್ತವೆ. ಓದಲು ಬಿಗಿಯಾಗಿ ಕಾಣುವ ನಿಯಮವೇ ಬಾಗಿಲು ತೆರೆದಿಟ್ಟಿರುತ್ತದೆ. ವಿಧಾನಗಳನ್ನು ಹೆಸರಿಸದೇ ಬಿಟ್ಟರೆ ನಿಯಮ ಎಲ್ಲಕ್ಕೂ ಅನ್ವಯಿಸುತ್ತದೆ. ಹೆಸರಿಸಲೇಬೇಕಿದ್ದರೆ, ಹೆಸರಿಸದೆ ಉಳಿದ ವಿಧಾನಗಳನ್ನೆಲ್ಲ ತಡೆಯುವ ಟ್ಯಾಗ್ 2013ರ ಸರ್ವ್ಲೆಟ್ 3.1ರಿಂದ ಲಭ್ಯವಿದೆ.

ಸ್ಪ್ರಿಂಗ್ ಬೂಟ್ ಗೆಲ್ಲುವುದು ಪರಿಸರ ಬದಲಾಗುವ ಕಡೆ. ಡೇಟಾಬೇಸ್ ವಿಳಾಸ ಕಡತದಲ್ಲಿ ಏನೇ ಇರಲಿ, ಸ್ಪ್ರಿಂಗ್_ಡೇಟಾಸೋರ್ಸ್_ಯುಆರ್‌ಎಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಆ್ಯಪ್‌ನ ಹೊರಗೆ, ಆಪರೇಟಿಂಗ್ ಸಿಸ್ಟಂನಲ್ಲಿ ಇಡುವ ಮೌಲ್ಯ) ಕೊಟ್ಟರೆ ಅದೇ ಊರ್ಜಿತ. ಕಮಾಂಡ್ ಲೈನ್‌ನ ಮಾತು ಅದಕ್ಕಿಂತ ಮೇಲು. ಈ ಸೌಕರ್ಯಕ್ಕೆ ತೆರುವ ಬೆಲೆಯೂ ಇದೆ: ಒಂದು ಮೌಲ್ಯ ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂರಬೇಕು. ಒಂದೇ ಫೋಲ್ಡರ್‌ನಲ್ಲಿ ಪ್ರಾಪರ್ಟೀಸ್, ಯಾಮಲ್ ಎರಡೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ. ಯಾವುದಾದರೂ ಒಂದನ್ನು ಅಳಿಸಿಬಿಡಿ.

ಅವೆರಡರಲ್ಲಿ ಯಾವುದು? ಯಾಮಲ್ ಓದಲು ಚೆಂದ, ಆದರೆ ಯಾಮಲ್ 1.1ರ ನಿಯಮದಲ್ಲಿ ಉದ್ಧರಣ ಚಿಹ್ನೆಯಿಲ್ಲದ 22:22 ಅರವತ್ತರ ಎಣಿಕೆಯಲ್ಲಿ 1342 ಆಗುತ್ತದೆ, 010 ಎಂಟರ ಎಣಿಕೆಯಲ್ಲಿ 8 ಆಗುತ್ತದೆ. ಪ್ರಾಪರ್ಟೀಸ್‌ನಲ್ಲಿ ಇಂಥ ಮಾಯೆ ಇಲ್ಲ. ಆದರೆ ಜಾವಾ ಆ ಕಡತವನ್ನು ಬೈಟ್‌ಗಳಾಗಿ ಓದುವಾಗ ಐಎಸ್‌ಓ-8859-1 (ಕನ್ನಡ ಅಕ್ಷರಗಳಿಲ್ಲದ ಎನ್‌ಕೋಡಿಂಗ್) ಎಂದೇ ಹಿಡಿಯುತ್ತದೆ. ಕನ್ನಡದ ಸಂದೇಶ ನೇರವಾಗಿ ಬರೆದರೆ ಪರದೆಯ ಮೇಲೆ ಕಸ. ಪದ ಕಡಿಮೆ, ಸಂಖ್ಯೆ ಹೆಚ್ಚು ಇರುವ ನನ್ನ ಆ್ಯಪ್‌ಗೆ ಪ್ರಾಪರ್ಟೀಸ್ ಒಗ್ಗಿತು.

ಸ್ಥಳಾಂತರ ಮಾಡುವವರು ಟೈಮ್‌ಔಟ್ ಕಡೆ ಗಮನ ಕೊಡಿ. ವೆಬ್.ಎಕ್ಸ್‌ಎಂಎಲ್‌ನಲ್ಲಿ 30 ಎಂದರೆ ಮೂವತ್ತು ನಿಮಿಷ. ಬೂಟ್‌ನಲ್ಲಿ ಬರೀ 30 ಎಂದರೆ ಮೂವತ್ತು ಸೆಕೆಂಡ್, ಒಳಗಿನ ಟಾಮ್‌ಕ್ಯಾಟ್ ಅದನ್ನು ಒಂದು ನಿಮಿಷಕ್ಕೆ ಏರಿಸುತ್ತದೆ. ಮಂಜೂರಾತಿ ಓದುತ್ತಿರುವ ಅಧಿಕಾರಿ ಅಷ್ಟರಲ್ಲಿ ಲಾಗ್‌ಔಟ್! 30ರ ನಂತರ ನಿಮಿಷದ ಅಕ್ಷರ ಎಂ ಬರೆಯಲೇಬೇಕು. ಇನ್ನು ಬೂಟ್ ಆ್ಯಪ್ ಅನ್ನು ವಾರ್ (ಇಡೀ ಆ್ಯಪ್ ಕಟ್ಟಿದ ಒಂದೇ ಕಡತ) ಮಾಡಿ ಹೊರಗಿನ ಟಾಮ್‌ಕ್ಯಾಟ್‌ನಲ್ಲಿ ಇಟ್ಟರೆ ಪೋರ್ಟ್, ಸೆಷನ್ ಟೈಮ್‌ಔಟ್‌ನಂಥ ಸರ್ವರ್ ಸೆಟ್ಟಿಂಗ್‌ಗಳಿಗೆ ಬೆಲೆಯೇ ಇಲ್ಲ, ಅವು ಒಳಗೇ ಬರುವ ಸರ್ವರ್‌ಗೆ ಮಾತ್ರ.

ಕೊನೆಗೆ ಈ ಆ್ಯಪ್ ನಿಂತದ್ದು ಬೂಟ್ ಇಲ್ಲದೆ, ಹೊರಗಿನ ಟಾಮ್‌ಕ್ಯಾಟ್ ಮೇಲೆ. ಸರ್ವ್ಲೆಟ್‌ಗಳಿಗೆ ಅನೋಟೇಷನ್, ಫಿಲ್ಟರ್ ಕ್ರಮ, ಭದ್ರತೆ, ಎರರ್ ಪೇಜ್ ವೆಬ್.ಎಕ್ಸ್‌ಎಂಎಲ್‌ನಲ್ಲಿ, ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಮಾತ್ರ ಬೂಟ್ ಕಲಿಸಿದ ರೀತಿಯಲ್ಲಿ ವಾರ್‌ನ ಹೊರಗೆ. ಪರೀಕ್ಷೆಯಲ್ಲಿ ಪಾಸಾದ ವಾರ್ ಕಡತವೇ ಈಗ ಒಂದು ಬೈಟ್ ಬದಲಾಗದೆ ಪ್ರೊಡಕ್ಷನ್‌ಗೂ ಹೋಗುತ್ತದೆ.